ತಲೆ ಸವರಿದ ಪಾವು

ಬೊಮ್ಮಕ್ಕನ ಮನೆಯ ಹಿತ್ತಾಳೆ ಪಾವಿಗೆ ಬೊಮ್ಮಕ್ಕನಿಗಿಂತ ಹೆಚ್ಚು ವಯಸ್ಸು. ಅವಳ ಅತ್ತೆಯ ಅತ್ತೆ ಅದನ್ನು ಯಾವ ಸಂತೆಯಿಂದ ತಂದಳೋ, ಹೇಳುವವರು ಈಗ ಯಾರೂ ಇಲ್ಲ. ತಳದಲ್ಲಿ ಒಂದು ನೆಗ್ಗು. ಬಾಯಿಯ ಅಂಚು ನಾಲ್ಕು ತಲೆಮಾರಿನ ಬೆರಳು ಆಡಿ ನುಣುಪಾಗಿದೆ. ದಿನದ ಅಕ್ಕಿ, ಬೇಳೆ ಅಳೆಯುವುದಕ್ಕೆ ಸ್ಟೀಲಿನ ಲೋಟ ಬಂದು ಎಷ್ಟೋ ವರ್ಷವಾಯಿತು. ಹಿತ್ತಾಳೆ ಪಾವು ಮಾತ್ರ ದೇವರ ಗೂಡಿನಲ್ಲಿ ಬೋರಲು ಕೂತಿರುತ್ತದೆ. ವರ್ಷಕ್ಕೆ ಒಂದೇ ಸಲ ಅದು ಕೆಳಗಿಳಿಯುವುದು, ಕಾರ್ತಿಕದ ಕೊನೆಯ ಶನಿವಾರ, ಊರ ಹನುಮಂತರಾಯನಿಗೆ ಶೇಂಗಾ ಉಂಡೆ ಕಟ್ಟುವಾಗ.

ಐವತ್ತೊಂದು ಉಂಡೆ. ಸ್ವಾಮಿಗೆ ಒಂದು, ಊರಿನ ಐವತ್ತು ಮನೆಗೆ ಒಂದೊಂದು. ಜಗಳೂರಿನಿಂದ ಎಂಟು ಮೈಲಿ ಒಳಗಿರುವ ಆ ಊರಲ್ಲಿ ಈಗ ಎಂಬತ್ತು ಮನೆ ದಾಟಿವೆ. ಆದರೆ ಸ್ವಾಮಿಯ ಲೆಕ್ಕದಲ್ಲಿ ಒಲೆ ಐವತ್ತೇ. ಬೇರೆಯಾದ ಅಣ್ಣತಮ್ಮಂದಿರು ಆ ಒಂದು ದಿನ ಒಂದೇ ಉಂಡೆಯನ್ನು ಮುರಿದು ಹಂಚಿಕೊಳ್ಳಬೇಕು. ಮಾತು ಬಿಟ್ಟವರೂ ಹಂಚಿಕೊಳ್ಳುತ್ತಾರೆ. ಹಾವು ಕಡಿದು ಬದುಕಿದ ಈ ಮನೆಯ ಹಿರಿಯನೊಬ್ಬ ಯಾವ ಕಾಲದಲ್ಲೋ ಹೊತ್ತ ಹರಕೆ ಅದು. ಹೊತ್ತವನು ಒಂದು ಮಾತನ್ನೂ ಕಟ್ಟಿಟ್ಟು ಹೋಗಿದ್ದ. ಲೆಕ್ಕಕ್ಕೆ ಒಂದು ಉಂಡೆ ಕಡಿಮೆ ಬಿದ್ದರೂ ಸೇವೆ ಈ ಮನೆಯಿಂದ ಎದ್ದು ಇನ್ನೊಂದು ಮನೆಗೆ ಹೋಗಬೇಕು. ಬೊಮ್ಮಕ್ಕ ಈ ಮನೆಗೆ ಬಂದು ಮೂವತ್ತೆಂಟು ವರ್ಷ. ಮೂವತ್ತೆಂಟು ಕಾರ್ತಿಕದಲ್ಲೂ ಏಳು ಪಾವು ಶೇಂಗಾ ಅಳೆದಳು, ಬೆಲ್ಲ ಒಡೆದಳು, ಉಂಡೆ ಕಟ್ಟಿದಳು. ಐವತ್ತೊಂದೇ ಬಂದವು. ಹೆಂಗೆ ಬಂದವು ಎಂದು ಅವಳು ಯೋಚಿಸಿದವಳಲ್ಲ. ಸ್ವಾಮಿ ಎಣಿಸಿಕೊಂಡು ಕೂತಿರುತ್ತಾನೆ, ಬರುತ್ತವೆ ಎಂದುಕೊಂಡಿದ್ದಳು.

ಈ ವರ್ಷ ಯುಗಾದಿ ಕಳೆದು ಹದಿನೈದು ದಿನಕ್ಕೆ ಅವಳಿಗೆ ಲಕ್ವ ಹೊಡೆಯಿತು. ದಾವಣಗೆರೆಯಲ್ಲಿ ಎಂಟು ದಿನ ಮಲಗಿ ಬಂದಳು. ಸೊಟ್ಟಗಾಗಿದ್ದ ಬಾಯಿ ನೆಟ್ಟಗಾಯಿತು. ಕಾಲು ಎಳೆದುಕೊಂಡಾದರೂ ನಡೆಯಿತು. ಬಲಗೈ ಮಾತ್ರ ಮಣಿಕಟ್ಟಿನಿಂದ ಕೆಳಗೆ ಜೋಮು ಹಿಡಿದು ಹಾಗೇ ಉಳಿಯಿತು. ಬೆರಳು ಮಡಚುತ್ತವೆ, ಬಿಚ್ಚುತ್ತವೆ. ಏನು ಮುಟ್ಟಿದವೆಂದು ಮಾತ್ರ ತಿಳಿಯುವುದಿಲ್ಲ.

ಜೋಮು ಕೈಯಲ್ಲೇ ನಿಂತಿದ್ದರೆ ಅದೊಂದು ಮಾತು. ಅದು ಮೆಲ್ಲಗೆ ಮೇಲೇರಿ ಎಲ್ಲೆಲ್ಲಿಗೋ ಹೋಗಿತ್ತು. ಆಷಾಢದಲ್ಲಿ ಅವಳೇ ಸಾಕಿದ ಕಡಸು ಸತ್ತಿತು. ಗಂಡ ತಿಪ್ಪೇಶಪ್ಪ ಹಿತ್ತಲಿನಿಂದ ಬಂದು ಹೇಳಿದಾಗ "ಹೌದಾ" ಎಂದಳು, ಸಾರು ಕದಡಿದಳು. ಗುಡಿಗೆ ಹೋದರೆ ಕೈ ಮುಗಿಯುತ್ತಾಳೆ. ಎಡಗೈಗೆ ಬಲಗೈ ತಗುಲಿದ್ದು ಗೊತ್ತಾಗುತ್ತದೆ, ಬಲಗೈಗೆ ಎಡಗೈ ತಗುಲಿದ್ದು ಗೊತ್ತಾಗುವುದಿಲ್ಲ. ಅರ್ಧ ಮುಗಿದಂತಾಯಿತೇ ಎಂದು ಸ್ವಾಮಿಯ ಮುಖ ನೋಡುತ್ತಾಳೆ. ಆ ಮುಖವೂ ಬರೀ ಸಿಂಧೂರ ಬಳಿದ ಕಲ್ಲಾಗಿ ಕಾಣುತ್ತದೆ. ಅದಕ್ಕೂ ದುಃಖವಾಗುವುದಿಲ್ಲ.

ದೀಪಾವಳಿ ಮುಗಿದ ಮೇಲೆ ಪೂಜಾರಿ ಗಾದ್ರಪ್ಪ ಬಂದು ಜಗಲಿಯ ತುದಿಗೆ ಕೂತ. "ಬೊಮ್ಮಕ್ಕ, ಬೇಜಾರು ಮಾಡ್ಕಬ್ಯಾಡ. ಈ ವರ್ಷ ನಿನ್ ಕೈಲಿ ಆಗ್ದಿದ್ರೆ ಅಂತರಘಟ್ಟಮ್ಮ ಮಾಡ್ತೀನಿ ಅಂತಾಳೆ."

ಅಂತರಘಟ್ಟಮ್ಮ ಎದುರು ಮನೆಯವಳು. ಕೇಳಿದ್ದಾಳೆ ಎಂದರೆ ಬೆಲ್ಲವನ್ನೂ ತಂದಿಟ್ಟುಕೊಂಡಿರುತ್ತಾಳೆ.

"ನಮ್ ಸೊಸಿ ಮಾಡ್ತಾಳೆ ಕಣೋ," ಎಂದ ತಿಪ್ಪೇಶಪ್ಪ. ಬೊಮ್ಮಕ್ಕನನ್ನು ಯಾರೂ ಕೇಳಲಿಲ್ಲ. ಅವಳು ಹೇಳಲೂ ಇಲ್ಲ.

ಸೊಸೆ ಪುಷ್ಪಾ ಹೊನ್ನಾಳಿ ಕಡೆಯವಳು, ಹೊಳೆ ಸಾಲಿನ ಭತ್ತದ ಸೀಮೆ. ಮದುವೆಯಾಗಿ ನಾಲ್ಕು ವರ್ಷ. ಊರ ಅಂಗನವಾಡಿಯಲ್ಲಿ ಸಹಾಯಕಿ. ಪ್ರತಿವರ್ಷ ಅತ್ತೆ ಬೀಜ ಅಳೆಯುವ ಹೊತ್ತಿಗೆ ಅವಳು ಅಲ್ಲಿರುತ್ತಿದ್ದಳು. ಮಗುವಿಗೆ ಇಷ್ಟು ಗ್ರಾಂ ಅಕ್ಕಿ, ಇಷ್ಟು ಗ್ರಾಂ ಬೇಳೆ ಎಂದು ತೂಗಿ ಬೇಯಿಸಿ ರೂಢಿಯಾದವಳು. ಗುರುವಾರ ಮಧ್ಯಾಹ್ನ ಅವಳು ಮೊರದ ತುಂಬ ಈ ಸಲದ ಹೊಸ ಶೇಂಗಾಬೀಜ, ಒಂದು ನೋಟ್‌ಬುಕ್ಕು, ಫೋನಿನಲ್ಲಿ ತರಿಸಿದ ಅಂಗೈಯಗಲದ ತೂಕದ ಮಷಿನ್ನು ಇಟ್ಟುಕೊಂಡು ಅತ್ತೆಯ ಮುಂದೆ ಕೂತಳು. ಮೈ ತೊಳೆದು ಬಂದು ಪಾವನ್ನೂ ಗೂಡಿನಿಂದ ಇಳಿಸಿದ್ದಳು.

"ಅತ್ತೆ, ಏಳು ಪಾವು ಅಂತೀರಲ್ಲ, ಒಂದು ಪಾವು ಎಷ್ಟು ಗ್ರಾಂ ಅಂತ ಒಂದ್ಸಲ ನೋಡ್ಕಂಬಿಟ್ರೆ ಆಮೇಲೆ ಚಿಂತೆ ಇಲ್ಲ. ನನ್ ಕೈಗೂ ನಿಮ್ ಕೈಗೂ ವ್ಯತ್ಯಾಸ ಬರಲ್ಲ."

"ನೋಡ್ಕ," ಎಂದಳು ಬೊಮ್ಮಕ್ಕ.

ಗೋಡೆಗೊರಗಿ ಬೀಡಿ ಕಚ್ಚಿದ್ದ ತಿಪ್ಪೇಶಪ್ಪ ನಕ್ಕ. "ಇನ್ ಮ್ಯಾಲೆ ಸ್ವಾಮಿನೂ ಮಷಿನ್ನಿನ ಮೇಲೆ ಕೂರಿಸ್ತೀಯೇನವ್ವ? ಎಷ್ಟು ಕೆಜಿ ಅವ್ನೆ ನೋಡಾಣ."

"ನೀವು ಮೊದ್ಲು ಕೂರ್ರಿ ಮಾವ. ಬೀಡಿ ತೆಗೆದು ತೂಗ್ತೀನಿ, ಇಟ್ಟೂ ತೂಗ್ತೀನಿ."

ಪುಷ್ಪಾ ಪಾವನ್ನು ಮಷಿನ್ನಿನ ಮೇಲಿಟ್ಟು ಗುಂಡಿ ಒತ್ತಿದಳು. ಪಾವಿನ ತೂಕ ಅಳಿಸಿಹೋಗಿ ಸೊನ್ನೆ ಬಂತು. ಪಾವನ್ನೆತ್ತಿ ಮೊರದೊಳಗೆ ಅದ್ದಿ ತುಂಬಿದಳು. ಬೀಜ ಅಂಚು ಮೀರಿ ಮೇಲಕ್ಕೆ ಗೋಪುರವಾಗಿ ನಿಂತಿತು. ಒಂದೆರಡು ಬೀಜ ಜಾರಿದವು. "ಲಾಭ," ಎಂದು ಬೊಮ್ಮಕ್ಕನ ತುಟಿ ತಾನಾಗಿಯೇ ಆಡಿತು. ಆ ಸೀಮೆಯಲ್ಲಿ ಕಾಳು ಅಳೆಯುವವರು ಮೊದಲ ಅಳತೆಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ.

ಅಷ್ಟರಲ್ಲಿ ಪುಷ್ಪಾ ಎಡ ಅಂಗೈಯನ್ನು ಪಾವಿನ ಬಾಯಿ ಮೇಲೆ ಚಪ್ಪಟೆಯಾಗಿ ಇಟ್ಟು ಒಂದೇ ಎಳೆತಕ್ಕೆ ಸವರಿದಳು. ಗೋಪುರ ಬಿದ್ದು ಬೀಜ ಮೊರಕ್ಕೆ ಉದುರಿತು. ಅದು ಅವಳ ತವರಿನ ಕೈ. ಹೊಳೆ ಸಾಲಿನಲ್ಲಿ ಅಕ್ಕಿಯನ್ನು ಹಾಗೇ ಅಳೆಯುವುದು. ತಲೆ ಸವರಿದ ಅಳತೆಯೇ ಧರ್ಮದ ಅಳತೆ, ಇತ್ತಲೂ ಹೆಚ್ಚಲ್ಲ ಅತ್ತಲೂ ಕಡಿಮೆಯಲ್ಲ ಎನ್ನುತ್ತಾರೆ ಅವರು. ಬೊಮ್ಮಕ್ಕನ ಮನೆಯಲ್ಲಿ ದೇವರ ಪಾವಿನ ತಲೆಯನ್ನು ಯಾರೂ ಸವರಿದ್ದಿಲ್ಲ. ಸವರಿದರೆ ಲಕ್ಷ್ಮಿಯ ತಲೆ ಬೋಳಿಸಿದಂತೆ ಎಂದು ಅವಳ ಅತ್ತೆ ಹೇಳುತ್ತಿದ್ದಳು. ಗೋಪುರ ಎಷ್ಟು ನಿಲ್ಲುತ್ತದೋ ಅಷ್ಟೂ ಸ್ವಾಮಿಯದು.

ಅಂಗೈ ಹೋದದ್ದನ್ನು ಬೊಮ್ಮಕ್ಕ ನೋಡಿದಳು. ಬೀಜ ಉದುರಿದ ಸದ್ದನ್ನೂ ಕೇಳಿದಳು. ಬಾಯಿ ತೆರೆದರೆ ಮುಗಿಯುತ್ತಿತ್ತು.

"ನೂರಾ ಅರವತ್ತೈದು," ಎಂದಳು ಪುಷ್ಪಾ. ಫೋನಿನಲ್ಲಿ ಏಳರಿಂದ ಗುಣಿಸಿದಳು. "ಒಂದು ಕೆಜಿ ನೂರೈವತ್ತೈದು ಗ್ರಾಂ. ಬೆಲ್ಲ ಎಂಟ್ನೂರು ಅಂದ್ರಿ. ಒಂದು ಉಂಡೆ ನಲವತ್ತು ಗ್ರಾಂ ಬರ್ತಿತ್ತು, ಹೋದ್ ವರ್ಷ ನಮ್ ಪಾಲಿಗೆ ಬಂದಿದ್ನ ನಾನೇ ಅಂಗನವಾಡಿ ಮಷಿನ್ನಲ್ಲಿ ತೂಗಿದ್ದೆ. ಸರಿ ಅಲ್ರೀ ಅತ್ತೆ?"

"ಸರಿ."

ಪುಷ್ಪಾ ಅದನ್ನು ಗುಂಡಗಿನ ಅಕ್ಷರದಲ್ಲಿ ಬರೆದು ಅಡಿಗೆ ಎರಡು ಗೆರೆ ಎಳೆದಳು.

ಯಾಕೆ ಹೇಳಲಿಲ್ಲ ಎಂದು ಬೊಮ್ಮಕ್ಕ ಆಮೇಲೆ ತನ್ನೊಳಗೆ ಹುಡುಕಿ ನೋಡಿದಳು. ಸೊಸೆಯ ಮೇಲೆ ಸಿಟ್ಟಿತ್ತೇ? ಇರಲಿಲ್ಲ. ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವವಳು, ತಲೆ ಬಾಚುವವಳು ಅವಳೇ. ಬರೆದುಕೊಂಡುಬಿಟ್ಟರೆ ತನ್ನದೆನ್ನುವ ಕೆಲಸ ಇನ್ನೇನೂ ಉಳಿಯುವುದಿಲ್ಲ ಎಂಬ ಹೊಟ್ಟೆಕಿಚ್ಚೇ? ಇದ್ದರೂ ಇರಬಹುದು. ಮುಟ್ಟಿ ನೋಡಿದರೆ ಏನೂ ತಗುಲಲಿಲ್ಲ. ಶುಕ್ರವಾರ ಕಳೆಯಿತು. ಹೇಳುವುದಕ್ಕೆ ಒಂದಿಡೀ ದಿನವಿತ್ತು. ಹೇಳಲಿಲ್ಲ.

ಶನಿವಾರ ಪುಷ್ಪಾ ಉಪವಾಸವಿದ್ದು ಕೆಲಸಕ್ಕೆ ಕೂತಳು. ತೂಗಿದ ಬೀಜವನ್ನು ಸಣ್ಣ ಉರಿಯಲ್ಲಿ ಹುರಿದಳು, ಆರಿಸಿದಳು, ಅಂಗೈಯಲ್ಲಿ ಉಜ್ಜಿ ಮೊರದಲ್ಲಿ ಕೇರಿ ಸಿಪ್ಪೆ ಹಾರಿಸಿದಳು. ಒರಳಲ್ಲಿ ಕುಟ್ಟಿ ತರಿ ಮಾಡಿದಳು. ಬೆಲ್ಲ ಪಾಕಕ್ಕೆ ಬಂತು. ಬೊಮ್ಮಕ್ಕ ಮಣೆಯ ಮೇಲೆ ಕೂತು ನೋಡುತ್ತಿದ್ದಳು. ಪಾಕಕ್ಕೆ ತರಿ ಬಿದ್ದು ಕದಡಿದ ಕೂಡಲೇ ಅವಳಿಗೆ ಕಂಡಿತು. ಕಲಸಿದ್ದು ಬಾಣಲೆಯಲ್ಲಿ ಹೊಳೆಯುತ್ತಿತ್ತು. ಅಷ್ಟು ಹೊಳೆಯಬಾರದು.

ಪುಷ್ಪಾ ಒಂದೊಂದೇ ಉಂಡೆ ಕಟ್ಟಿ ಮಷಿನ್ನಿನ ಮೇಲಿಡುತ್ತಾ, ನಲವತ್ತಾಗುವ ಹಾಗೆ ಚಿವುಟಿ ತೆಗೆದು ಮತ್ತೆ ಸೇರಿಸುತ್ತಾ ಸಾಲಾಗಿ ತಟ್ಟೆಯಲ್ಲಿ ಜೋಡಿಸಿದಳು. ನಾಲ್ಕು ಗಂಟೆಯ ಹೊತ್ತಿಗೆ ಬಾಣಲೆ ಬರಿದಾಯಿತು. ಎಣಿಸಿದಳು. ಮತ್ತೆ ಎಣಿಸಿದಳು. ನಲವತ್ತಾರು.

ಅವಳು ಗಾಬರಿಯಾಗಲಿಲ್ಲ. ಗಾಬರಿಯಾಗುವ ಮೊದಲು ಲೆಕ್ಕ ನೋಡುವವಳು ಅವಳು. ನೋಟ್‌ಬುಕ್ಕು ತೆಗೆದಳು, ಗುಣಿಸಿದಳು, ಮಷಿನ್ನಿನ ಮೇಲೆ ಅಂಗಡಿಯ ಅರ್ಧ ಕೆಜಿ ಉಪ್ಪಿನ ಪ್ಯಾಕೆಟ್ಟು ಇಟ್ಟು ನೋಡಿದಳು. ಮಷಿನ್ನು ಸುಳ್ಳು ಹೇಳುತ್ತಿರಲಿಲ್ಲ. ಒಂದು ಉಂಡೆ ಎತ್ತಿ ಬೆಳಕಿಗೆ ಹಿಡಿದಳು. ಅದು ಅವಳ ಬೆರಳಿನ ಮಧ್ಯೆ ಮೆತ್ತಗೆ ಚಪ್ಪಟೆಯಾಯಿತು.

ಅಷ್ಟರಲ್ಲಿ ಬಾಗಿಲಲ್ಲಿ ಅಂತರಘಟ್ಟಮ್ಮ. ಕೈಯಲ್ಲಿ ಹೂವಿನ ಬುಟ್ಟಿ, ಕಣ್ಣು ತಟ್ಟೆಯ ಮೇಲೆ.

"ಆಯ್ತೇನವ್ವಾ ಹೊಳೆ ಸೀಮೆಯೋಳೆ? ಪರಿಮಳ ನಮ್ ಪಡಸಾಲಿ ತಂಕ ಬಂತು. ಎಣಿಸ್ಕೊಡ್ಲಾ?"

"ಇನ್ನೂ ಕಟ್ತಾ ಇದೀನಿ ಅಮ್ಮ," ಎಂದಳು ಪುಷ್ಪಾ.

"ಬಾಣ್ಲಿ ಬರ್ದಾಗೈತಲ್ಲೇ."

"ಬಾಣ್ಲಿ ಇನ್ನೊಂದೈತೆ," ಎಂದ ತಿಪ್ಪೇಶಪ್ಪ ಹೊರಗಿನಿಂದ. "ನೀನು ಹೂವ ತಗಂಡ್ ಹೋಗು ಮಾರಾಯ್ತಿ, ಸ್ವಾಮಿ ಬರೀ ಕೊರಳಲ್ಲಿ ಕಾಯ್ತಾ ಕುಂತವ್ನೆ."

ಅವಳು ನಗುತ್ತಾ ಹೋದಳು. ಆರೂವರೆಗೆ ದೀಪ ಹಚ್ಚುತ್ತಾರೆ. ಆಮೇಲೆ ಗಾದ್ರಪ್ಪ ತಟ್ಟೆಯನ್ನು ಸ್ವಾಮಿಯ ಮುಂದಿಟ್ಟು ಎಲ್ಲರ ಎದುರೇ ಎಣಿಸುತ್ತಾನೆ.

ಪುಷ್ಪಾ ನೋಟ್‌ಬುಕ್ಕು ಮುಚ್ಚಿದಳು. "ಬರ್ಕಂಡಷ್ಟೂ ಹಾಕಿದೀನಿ ಅತ್ತೆ. ನಿಮ್ ಕೈಗೆ ಸಾಲ್ತಿದ್ದದ್ದು ನನ್ ಕೈಗೆ ಸಾಲ್ಲಿಲ್ಲ. ನನ್ ಕೈಗುಣನೇ ಸರಿ ಇಲ್ಲ ಅನ್ಸುತ್ತೆ. ಅಂತರಘಟ್ಟಮ್ಮನಿಗೇ ಕೊಟ್ಬಿಡಿ ಅಂತ ನಾನೇ ಹೋಗಿ ಹೇಳ್ತೀನಿ. ನಿಮ್ ಬಾಯಲ್ಲಿ ಆ ಮಾತು ಬರೋದ್ ಬ್ಯಾಡ."

ಅವಳು ಎದ್ದು ಸೆರಗು ಕೊಡವಿಕೊಂಡಳು. ಹೋಗಿಯೇ ಬಿಡುವವಳಿದ್ದಳು. ಮೂವತ್ತೆಂಟು ವರ್ಷದ ಸೇವೆ ಆ ಹೊಸ್ತಿಲು ದಾಟಿ ಹೋಗುವುದನ್ನು ಬೊಮ್ಮಕ್ಕ ನೋಡಿದಳು. ಅದಕ್ಕೂ ಎದೆಯಲ್ಲಿ ಏನೂ ಅಲುಗಲಿಲ್ಲ. ಆದರೆ ಈ ಹುಡುಗಿ ಮಾಡದ ತಪ್ಪನ್ನು ತನ್ನ ಕೈಗೆ ಮೆತ್ತಿಕೊಂಡು ಬೀದಿಗಿಳಿಯುತ್ತಾಳೆ. ಅದು ಮಾತ್ರ ಸುಳ್ಳು. ಇದೇ ಪಾವಿನ ಮುಂದೆ ಹುಟ್ಟಿದ ಸುಳ್ಳು.

"ಕೈಗುಣ ಅಲ್ಲ," ಎಂದಳು. "ಅಂಗೈ."

ಪುಷ್ಪಾ ನಿಂತಳು.

"ಪಾವಿನ ತಲೆ ಸವರಿದೆ ನೀನು. ನಮ್ಮನ್ಯಾಗೆ ಸವರಲ್ಲ. ಗೋಪುರ ನಿಲ್ಲಿಸ್ತೀವಿ."

"ಅವತ್ತು ನೀವು ಅಲ್ಲೇ ಇದ್ರಿ."

"ಇದ್ದೆ. ನೋಡ್ದೆ."

"ಮತ್ತೆ ಯಾಕ್ರೀ ಅತ್ತೆ ಹೇಳ್ಲಿಲ್ಲ?"

"ಗೊತ್ತಿಲ್ಲ ಕಣೆ."

ಪುಷ್ಪಾ ಅತ್ತೆಯ ಮುಖ ನೋಡಿದಳು. ಅಲ್ಲಿ ಓದುವುದಕ್ಕೆ ಏನೂ ಇರಲಿಲ್ಲ. ಗೂಡಿನ ಹತ್ತಿರ ಹೋಗಿ ಪಾವು ತಂದಳು, ಮೊರದಲ್ಲಿ ಬೀಜ ತಂದಳು. "ನೀವ್ ತುಂಬ್ರಿ," ಎಂದು ಅತ್ತೆಯ ಮುಂದಿಟ್ಟಳು.

ಬೊಮ್ಮಕ್ಕ ಎಡಗೈಯಲ್ಲಿ ಪಾವು ಹಿಡಿದು ಬೀಜದೊಳಗೆ ಅದ್ದಿದಳು. ಬಲಗೈ ಒತ್ತಾಸೆಗೆ ಬಂತು. ಎಷ್ಟು ಒತ್ತುತ್ತಿದೆ ಎಂಬುದು ಅದಕ್ಕೆ ಗೊತ್ತಿರಲಿಲ್ಲ. ಮೊದಲ ಸಲ ಗೋಪುರ ಕುಸಿಯಿತು. ಎರಡನೆಯ ಸಲ ಪುಷ್ಪಾ ಪಾವಿನ ತಳಕ್ಕೆ ತನ್ನ ಕೈ ಕೊಟ್ಟು ಅಲುಗದ ಹಾಗೆ ಹಿಡಿದಳು. ಮೇಲಿನ ಬೀಜ ಒಂದೊಂದಾಗಿ ಉರುಳಿ, ಇನ್ನು ಉರುಳದು ಎನ್ನುವಲ್ಲಿ ನಿಂತಿತು.

"ಲಾಭ," ಎಂದಳು ಬೊಮ್ಮಕ್ಕ.

ಮಷಿನ್ನು ಇನ್ನೂರು ತೋರಿಸಿತು.

"ಒಂದು ಪಾವಿಗೆ ಮೂವತ್ತೈದು ಕಡಿಮೆ," ಎಂದು ಪುಷ್ಪಾ ತುಟಿಯಲ್ಲೇ ಗುಣಿಸಿದಳು. "ಏಳಕ್ಕೆ ಇನ್ನೂರಾ ನಲವತ್ತೈದು. ಬೆಲ್ಲಕ್ಕೆ ತಕ್ಕ ಬೀಜ ಬೀಳ್ಲಿಲ್ಲ, ಅದಕ್ಕೇ ಮೆತ್ತಗಾದ್ವು." ಅಷ್ಟನ್ನೂ ತೂಗಿ ಒಲೆಯ ಮೇಲೆ ಹಾಕಿದಳು. ಬೀಜ ಹುರಿದು ಆರುವ ತನಕ ಕಾಯುವ ಹಾಗಿರಲಿಲ್ಲ. ಬಿಸಿ ಬಿಸಿಯೇ ಉಜ್ಜಿ, ಕೇರಿ, ಕುಟ್ಟಿದಳು. ನಲವತ್ತಾರು ಉಂಡೆಯನ್ನೂ ಮುರಿದು ಬಾಣಲೆಗೆ ಹಾಕಿ ಬಿಸಿ ಮಾಡಿದಳು. ಬೆಲ್ಲ ಮತ್ತೆ ಕರಗಿತು. ಹೊಸ ತರಿ ಬಿದ್ದು ಕದಡಿದಾಗ ಹೊಳಪು ಇಳಿಯಿತು. ಈಗ ಅದು ಪ್ರತಿವರ್ಷ ಕಾಣುವ ಬಣ್ಣದ್ದು.

ಐದೂಮುಕ್ಕಾಲು. ಎರಡನೆಯ ಸಲ ಕರಗಿದ ಬೆಲ್ಲ ಬೇಗ ಗಟ್ಟಿಯಾಗುತ್ತದೆ. ಕೆಂಡದಂಥ ಬಿಸಿಯಲ್ಲೇ ಉಂಡೆ ಕಟ್ಟಬೇಕು. ಪುಷ್ಪಾ ನೀರಲ್ಲಿ ಕೈ ಅದ್ದಿ ಒಂದು ಕಟ್ಟಿದಳು, ಎರಡು ಕಟ್ಟಿದಳು, ಮೂರನೆಯದಕ್ಕೆ ಕೈ ಝಾಡಿಸಿ ನೀರಿನಲ್ಲೇ ಇಟ್ಟುಕೊಂಡಳು.

ಬೊಮ್ಮಕ್ಕ ಮಣೆಯನ್ನು ಒಲೆಯ ಹತ್ತಿರಕ್ಕೆ ಸರಿಸಿಕೊಂಡಳು. ಎಡಗೈಯಲ್ಲಿ ಸೌಟು ಹಿಡಿದು ಒಂದು ಉಂಡೆಯಷ್ಟನ್ನು ಎತ್ತಿ ಬಲ ಅಂಗೈಯಲ್ಲಿ ಹಾಕಿಕೊಂಡಳು. ಬೆರಳು ಮಡಚಿದಳು. ಹಬೆ ಎದ್ದಿತು. ಕೈ ಸುಮ್ಮನಿತ್ತು. ಎಡಗೈಗೆ ಒಂದಿಷ್ಟು ನೀರು ಸವರಿ ಮೇಲಿನಿಂದ ಉರುಳಿಸಿ ತಟ್ಟೆಗಿಟ್ಟಳು. ಮತ್ತೊಂದು ಸೌಟು.

"ಅತ್ತೆ, ಬ್ಯಾಡ. ಕೈ ಸುಡ್ತೈತೆ."

"ಅದಕ್ಕೇನ್ ಗೊತ್ತಾಗ್ತೈತೆ? ನೀನು ಕಟ್ಟು."

ಇಬ್ಬರೂ ಕಟ್ಟಿದರು. ಬೊಮ್ಮಕ್ಕ ಕಟ್ಟಿದವು ಒಂದರ ಹಾಗೆ ಒಂದಿರಲಿಲ್ಲ. ಒಂದು ದಪ್ಪ, ಒಂದು ಕಿರಿದು, ಒಂದಕ್ಕೆ ಮೂಗು ಬಂದಂತಿತ್ತು. ಪುಷ್ಪಾ ಒಂದನ್ನು ಎತ್ತಿ ಮಷಿನ್ನಿನ ಮೇಲಿಟ್ಟಳು. ಮೂವತ್ತಾರು. ಮತ್ತೊಂದು, ನಲವತ್ತೈದು. ಆಮೇಲೆ ಮಷಿನ್ನನ್ನು ಕಾಲಿನಿಂದ ಆಚೆ ಸರಿಸಿದಳು.

ಕೊನೆಯದನ್ನು ಕಟ್ಟಿದಾಗ ತಿಪ್ಪೇಶಪ್ಪ ಎಣಿಸಿದ. ಲಾಭದಿಂದ ಶುರುಮಾಡಿ ಎಣಿಸಿದ. ಐವತ್ತೊಂದು. ಬಾಣಲೆಯಲ್ಲಿ ಅಡಿಕೆಯಷ್ಟು ಉಳಿದಿತ್ತು. ಪುಷ್ಪಾ ಅದನ್ನು ಇರುವೆ ಗೂಡಿನ ಬಾಯಿಗೆ ಇಟ್ಟು ಬಂದಳು.

ಗುಡಿಯಲ್ಲಿ ಗಾದ್ರಪ್ಪ ಎಣಿಸಿದಾಗಲೂ ಅಷ್ಟೇ ಬಂತು. ಅಂತರಘಟ್ಟಮ್ಮ ತನ್ನ ಪಾಲಿಗೆ ಬಂದದ್ದನ್ನು ತಿರುಗಿಸಿ ನೋಡಿ, "ಇದೇನೇ ಬೊಮ್ಮಕ್ಕ, ಇದಕ್ಕೆ ಮೂಗು ಐತೆ," ಎಂದಳು.

"ನಿನ್ ಹತ್ರ ಬರ್ತೀನಿ ಅಂತ ಮೊದ್ಲೇ ಮೂಗು ತೂರಿಸ್ಕಂಡೈತೆ," ಎಂದ ತಿಪ್ಪೇಶಪ್ಪ. ಸುತ್ತಲಿದ್ದವರು ನಕ್ಕರು. ದೀಪಗಳು ಸಾಲಾಗಿ ಉರಿಯುತ್ತಿದ್ದವು. ಬೊಮ್ಮಕ್ಕ ಕೈ ಮುಗಿದಳು. ಎಡಗೈಗೆ ಬಲಗೈ ಬಿಸಿಯಾಗಿ, ಊದಿದಂತೆ ತಗುಲಿತು. ಬಲಗೈಗೆ ಏನೂ ತಗುಲಲಿಲ್ಲ. ಸ್ವಾಮಿ ಎಂದಿನಂತೆ ಗದೆ ಹಿಡಿದು ಅತ್ತ ನೋಡುತ್ತಾ ನಿಂತಿದ್ದ.

ಮನೆಗೆ ಬಂದ ಮೇಲೆ ಪುಷ್ಪಾ ಅತ್ತೆಯ ಅಂಗೈಯನ್ನು ತಣ್ಣೀರಲ್ಲಿ ಅದ್ದಿಸಿ ಬಟ್ಟೆಯಲ್ಲಿ ಒತ್ತಿ ಒರೆಸಿದಳು. ನಡುವೆ ಕೆಂಪಗೆ ಎರಡು ಬೊಬ್ಬೆ ಎದ್ದಿದ್ದವು.

"ಉರೀತೈತಾ?"

"ಇಲ್ಲ."

ಅದು ನಿಜವಾದ್ದರಿಂದ ಪುಷ್ಪಾ ಮತ್ತೆ ಕೇಳಲಿಲ್ಲ. ದವಾಖಾನೆಯಿಂದ ತಂದಿದ್ದ ಮುಲಾಮು ಹಚ್ಚಿದಳು. ಪಾವನ್ನು ತೊಳೆದು ಒರೆಸಿ ಗೂಡಿನಲ್ಲಿ ಬೋರಲು ಹಾಕಿದಳು. ಆಮೇಲೆ ನೋಟ್‌ಬುಕ್ಕು ತೆಗೆದು ನೂರಾ ಅರವತ್ತೈದನ್ನು ಹೊಡೆದುಹಾಕಿ ಇನ್ನೂರು ಎಂದು ಬರೆದಳು. ಅದರ ಪಕ್ಕದಲ್ಲಿ, ತಲೆ ಸವರಬಾರದು. ಬರೆಯುತ್ತಾ, ತಲೆ ಎತ್ತದೆ ಕೇಳಿದಳು.

"ಅತ್ತೆ, ಇನ್ನೂ ಏನಾದ್ರೂ ಐತಾ, ನೀವು ನೋಡಿ ಹೇಳ್ದೆ ಬಿಟ್ಟಿದ್ದು?"

ದನಿಯಲ್ಲಿ ಮುಳ್ಳಿರಲಿಲ್ಲ, ಬೆಣ್ಣೆಯೂ ಇರಲಿಲ್ಲ. ಅಂಗನವಾಡಿಯ ಪುಸ್ತಕ ತುಂಬುವಾಗ ತಾಯಂದಿರನ್ನು ಕೇಳುವ ದನಿ ಅದು. ಬೊಮ್ಮಕ್ಕ ಯೋಚಿಸಿದಳು.

"ಐತೆ. ಪಾಕಕ್ಕೆ ಒಂದು ಹರಳು ಉಪ್ಪು. ನೀನು ಹಾಕ್ಲಿಲ್ಲ."

ಪುಷ್ಪಾ ಎದ್ದು ಉಪ್ಪಿನ ಮರಿಗೆಯಿಂದ ಒಂದು ಹರಳು ತಂದಳು. ಮಷಿನ್ನನ್ನು ಹತ್ತಿರಕ್ಕೆ ಎಳೆದುಕೊಂಡು ಅದರ ಮೇಲಿಟ್ಟಳು. ಇಬ್ಬರೂ ಬಗ್ಗಿ ನೋಡಿದರು.

"ಸೊನ್ನೆ ತೋರಿಸ್ತೈತೆ ಅತ್ತೆ."

"ಹಂಗೇ ಬರ್ಕ," ಎಂದಳು ಬೊಮ್ಮಕ್ಕ. "ಉಪ್ಪು, ಸೊನ್ನೆ ಗ್ರಾಂ. ಆದ್ರೆ ಹಾಕ್ಬೇಕು."

ಪುಷ್ಪಾ ಬರೆದುಕೊಂಡಳು.